ಆರು ಇಸ್ತ್ರಿಪೆಟ್ಟಿಗೆಗಳ ಕೆಳಗೆ ನಮ್ಮ ಏಳನೇ ತರಗತಿ

ಈ ಸಲ ಸ್ವಲ್ಪ ಬಿಸಿಯ ವಿಷಯ. ನಿಮ್ಮ ಶಾಲೆಯಲ್ಲೂ ಶೀಟಿನ ಮಾಡಿನ ಕೋಣೆ ಇದ್ದರೆ ದಯವಿಟ್ಟು ಕೊನೆಯವರೆಗೆ ಓದಿ.

ಏಪ್ರಿಲ್ ಮೊದಲ ವಾರ. ಶಾಲೆ ಮುಚ್ಚಿ ಎರಡು ದಿನವಾಗಿತ್ತಷ್ಟೆ. ಮಗಳು ಫೋನ್ ಮಾಡಿ, "ಅಪ್ಪಾ, ಬರುವಾಗ ಶೀಟಿನ ಬಿಸಿ ಬರೆದಿಟ್ಟ ಪುಸ್ತಕ ಮರೀಬೇಡಿ" ಎಂದಳು. ಅವಳು ವಯನಾಡಿನ ತಲಪ್ಪುಳದ ಸರಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಳೆ. ಏಳನೆಯವರೆಗೆ ನನ್ನದೇ ಶಾಲೆಯಲ್ಲಿ, ನನ್ನದೇ ಕೈಕೆಳಗೆ ಕಲಿತವಳು. ನಾನು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಮಾಷ್ಟ್ರು. ಟಿ.ಸಿ.ಎಚ್., ಆಮೇಲೆ ಅಂಚೆಯಲ್ಲಿ ಮಾಡಿದ ಬಿ.ಎ. ವಿಜ್ಞಾನ ಪಾಠ ಮಾಡುತ್ತೇನೆ ನಿಜ, ಆದರೆ ಪುಸ್ತಕದಲ್ಲಿ ಇದ್ದಷ್ಟೇ ನನ್ನ ವಿಜ್ಞಾನ.

ಆ ಪುಸ್ತಕದ ಕಥೆ ಹೇಳಿಬಿಡುತ್ತೇನೆ. ನಮ್ಮ ಏಳನೇ ತರಗತಿ ನಡೆಯುವುದು ಶೀಟಿನ ಕೋಣೆಯಲ್ಲಿ. ಮಾರ್ಚ್ ಬಂತೆಂದರೆ ಮಧ್ಯಾಹ್ನದ ಮೇಲೆ ಮಕ್ಕಳು ಪಾಠ ಕೇಳುವುದಿಲ್ಲ, ಬೇಯುತ್ತಾರೆ. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಮೂಗಿನಲ್ಲಿ ರಕ್ತ. ಎಷ್ಟು ಬಿಸಿ ಉಂಟೆಂದು ಅಳೆಯೋಣ ಎಂದು ಮಕ್ಕಳನ್ನೇ ಸೇರಿಸಿಕೊಂಡೆ. ಕೊರೋನಾ ಕಾಲದಲ್ಲಿ ಬಂದ, ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಶೀಟಿನ ಕಡೆ ಹಿಡಿದೆವು. ಪಾಪ, ಅದು ಜ್ವರ ನೋಡಲಿಕ್ಕೆ ಮಾಡಿದ್ದು. "ಹೈ" ಎಂದು ತೋರಿಸಿ ಸುಮ್ಮನಾಯಿತು. ಕೊನೆಗೆ ಪ್ರಯೋಗಶಾಲೆಯ ಥರ್ಮಾಮೀಟರಿನ ಬಲ್ಬನ್ನು ಶೀಟಿನ ಅಡಿಗೆ ಒತ್ತಿ, ಹತ್ತಿಯಿಟ್ಟು, ಟೇಪು ಅಂಟಿಸಿದೆವು. ನಡುಮಧ್ಯಾಹ್ನ 60 ಡಿಗ್ರಿ! ಕಿಟಕಿ ತೆರೆದಿದ್ದ ಕೋಣೆಯ ಗಾಳಿ 32. ಹೊರಗೆ ನೆರಳಿನಲ್ಲೂ ಅಷ್ಟೇ. ಎರಡು ವಾರದ ಲೆಕ್ಕ ಪುಸ್ತಕದಲ್ಲಿತ್ತು. ಅದನ್ನೇ ಮಗಳು ತನ್ನ ಪ್ರಾಜೆಕ್ಟಿಗೆ ಕೇಳಿದ್ದು.

ತಲಶ್ಶೇರಿಯಲ್ಲಿ ರೈಲು ಇಳಿದು, ನೆಡುಂಪೊಯಿಲ್ ಚುರ ಹತ್ತುವ ಬಸ್ಸು ಹಿಡಿದೆ. ಮೇಲೆ ಹೋದ ಹಾಗೆ ಬೆವರು ಆರುತ್ತದೆ. ತಲಪ್ಪುಳದಲ್ಲಿ ಇಳಿದರೆ ಸುತ್ತಲೂ ಚಹಾ ತೋಟ, ಏಪ್ರಿಲ್‌ನಲ್ಲೂ ಸಂಜೆಗೆ ತಂಪು ಗಾಳಿ. ಮಗಳು ಮತ್ತು ಅವಳ ಮೂವರು ಗೆಳತಿಯರು ಬಾಡಿಗೆಗೆ ಇರುವ ಮನೆಯ ಜಗಲಿಯಲ್ಲಿ ಕೂತೆವು. ಮನೆಯೊಡತಿ ಅಮ್ಮ ಕಟ್ಟನ್ ಚಾ ತಂದಿಟ್ಟರು.

ಮಗಳು ಲ್ಯಾಪ್‌ಟಾಪ್ ತೆರೆದಳು. ಫ್ರೀಕ್ಯಾಡ್ ಎಂಬ ಸಾಫ್ಟ್‌ವೇರ್. ಅದರೊಳಗೆ ಲೆಕ್ಕ ಮಾಡುವುದು ಕ್ಯಾಲ್ಕುಲಿಕ್ಸ್ ಎಂಬ ಇನ್ನೊಂದು. ಎರಡೂ ಉಚಿತ, ಎರಡೂ ಮುಕ್ತ ತಂತ್ರಾಂಶ. ಐಟಿ@ಸ್ಕೂಲ್ ಕಾಲದಿಂದ ಮುಕ್ತ ತಂತ್ರಾಂಶದಲ್ಲೇ ಪಳಗಿದ ನಮಗೆ ಅದೇನೂ ಹೊಸತಲ್ಲ. ಆದರೆ ಇದರ ಕೆಲಸ ಹೊಸತು.

"ಅಪ್ಪಾ, ಶೀಟಿನ ಅಡಿಗೆ 25 ಮಿಲಿಮೀಟರ್ ದಪ್ಪದ ತೆಂಗಿನ ನಾರಿನ ಹಲಗೆ ಕೊಟ್ಟರೆ ಎಷ್ಟು ಬಿಸಿ ಕಡಿಮೆ ಆಗ್ತದೆ, ಅದು ಪ್ರಶ್ನೆ" ಎಂದಳು. ಇಡೀ ಮಾಡು ಬರೆಯಲಿಲ್ಲ. ಅಂಗೈ ಅಗಲದ ಒಂದು ತುಂಡು ಮಾತ್ರ ಬರೆದಳು. ಎಲ್ಲ ಕಡೆ ಒಂದೇ ರೀತಿ ಇರುವಾಗ ಒಂದು ಅಗುಳು ಹಿಚುಕಿ ನೋಡಿದರೆ ಸಾಕಲ್ಲವೇ. ಶೀಟನ್ನಂತೂ ಬಿಟ್ಟೇಬಿಟ್ಟಳು. ಉಕ್ಕಿನ ಉಷ್ಣವಾಹಕತೆ ಸುಮಾರು 50, ನಾರಿನ ಹಲಗೆಯದ್ದು ಸುಮಾರು 0.05. ಅಂದರೆ ಸಾವಿರ ಪಟ್ಟು ವ್ಯತ್ಯಾಸ. ಅರ್ಧ ಮಿಲಿಮೀಟರ್ ಶೀಟು ಬಿಸಿಗೆ ಅಡ್ಡಿಯೇ ಅಲ್ಲ.

ಆಮೇಲೆ ಆ ತುಂಡನ್ನು ಸಾಫ್ಟ್‌ವೇರ್ ಸಾವಿರಾರು ಸಣ್ಣ ಸಣ್ಣ ತುಣುಕುಗಳಾಗಿ ಒಡೆಯಿತು, ಮೀನಿನ ಬಲೆಯ ಹಾಗೆ. ಬಿಸಿ ಹರಿಯುವ ನಿಯಮವನ್ನು ಫ್ರಾನ್ಸಿನ ಫೂರಿಯೇ 1822ರಲ್ಲೇ ಪುಸ್ತಕವಾಗಿ ಬರೆದಿದ್ದ. ಆದರೆ ಅಂಕುಡೊಂಕಾದ ವಸ್ತುವಿಗೆ ಆ ನಿಯಮ ಹಚ್ಚಿ ಉತ್ತರ ತೆಗೆಯುವುದು ಕಷ್ಟ. ಹಾಗಾಗಿ ತುಣುಕು ಮಾಡಿ, ಒಂದೊಂದಕ್ಕೂ ಸರಳ ಲೆಕ್ಕ ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸುವ ಉಪಾಯ. ಇದಕ್ಕೆ "ಫೈನೈಟ್ ಎಲಿಮೆಂಟ್" ಎಂಬ ಹೆಸರು ಕೊಟ್ಟವರು ಅಮೆರಿಕದ ರೇ ಕ್ಲಫ್, 1960ರಲ್ಲಿ. ವಿಮಾನದ ರೆಕ್ಕೆ, ಸೇತುವೆಗಳ ಬಲ ನೋಡಲು ಹುಟ್ಟಿದ್ದು ಕೆಲವೇ ವರ್ಷಗಳಲ್ಲಿ ಬಿಸಿಯ ಲೆಕ್ಕಕ್ಕೂ ಬಂತು. ನಮ್ಮ ಒಂದು ಹಲಗೆಗೆ ಇದೆಲ್ಲ ಬೇಡ, ಕಾಗದದಲ್ಲೇ ಆಗುತ್ತದೆ. ಆದರೆ ಮೊದಲು ಗೊತ್ತಿರುವ ಉತ್ತರದ ಲೆಕ್ಕ ಮಾಡಿ ನೋಡಬೇಕು, ಆಮೇಲೆ ದೊಡ್ಡದಕ್ಕೆ ಕೈಹಾಕಬೇಕು ಎಂದು ಅವಳ ಅಧ್ಯಾಪಕರು ಹೇಳಿದ್ದರಂತೆ. ಒಳ್ಳೆಯ ಮಾತು.

ಗುಂಡಿ ಒತ್ತಿದಳು. ಕೆಲವೇ ಕ್ಷಣಗಳಲ್ಲಿ ಚಿತ್ರ ಬಂತು. ಮೇಲೆ ಕಡುಗೆಂಪು, ನಡುವೆ ಹಳದಿ, ಹಸಿರು, ಅಡಿಯಲ್ಲಿ ನೀಲಿ.

"ನೋಡಿ ಅಪ್ಪಾ, ಅಡಿಯಲ್ಲಿ ಎಷ್ಟು ತಂಪು!"

ನನಗೂ ಖುಷಿಯಾಯಿತು. ಆದರೆ ಮೂವತ್ತು ಮಕ್ಕಳ ಲೆಕ್ಕ ತಿದ್ದಿದ ಕಣ್ಣು ನೋಡಿ, ಬಣ್ಣಕ್ಕಿಂತ ಮೊದಲು ಅಂಕಿಗೆ ಹೋಗುತ್ತದೆ. ಬದಿಯ ಪಟ್ಟಿಯಲ್ಲಿ ನೀಲಿಯ ಹತ್ತಿರ 107 ಎಂದಿತ್ತು.

"ಇದು ಎಂತ ಮಾರಾಯ್ತಿ, 107?"

"ಅದು ಕೆಲ್ವಿನ್ ಅಪ್ಪಾ. 273 ಕಳೆಯಬೇಕು."

ಕಳೆದೆವು. ಸೊನ್ನೆಗಿಂತ 166 ಡಿಗ್ರಿ ಕೆಳಗೆ! ಮಾರ್ಚ್ ಮಧ್ಯಾಹ್ನ ನಮ್ಮ ಏಳನೇ ತರಗತಿಯ ಮಾಡಿನ ಅಡಿಯಲ್ಲಿ ಧ್ರುವಪ್ರದೇಶವೂ ನಾಚುವ ಚಳಿ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಒಂದು ಕಡೆ 60, ಇನ್ನೊಂದು ಕಡೆ 32 ಇರುವಾಗ ನಡುವೆ ಎಲ್ಲಿಯೂ 60ಕ್ಕಿಂತ ಹೆಚ್ಚಾಗಲಿಕ್ಕಿಲ್ಲ, 32ಕ್ಕಿಂತ ಕಡಿಮೆಯೂ ಆಗಲಿಕ್ಕಿಲ್ಲ. ಬಿಸಿನೀರು ತಣ್ಣೀರು ಬೆರೆಸಿದವರಿಗೆಲ್ಲ ಗೊತ್ತಿರುವ ಸಂಗತಿ. ಹುಡುಕಿದರೆ ತಪ್ಪು ಸಿಕ್ಕಿತು. ಮೇಲಿನ ಬಿಸಿಯನ್ನು ಕೆಲ್ವಿನ್‌ಗೆ ಬದಲಿಸಿ 333 ಎಂದು ಬರೆದಿದ್ದಳು. ಗಾಳಿಯ 32ನ್ನು ಮಾತ್ರ ಹಾಗೆಯೇ 32 ಎಂದು ಬರೆದಿದ್ದಳು. ಅದನ್ನು 305 ಮಾಡಿ ಮತ್ತೆ ಒತ್ತಿದಳು. ಅಡಿಯಲ್ಲಿ 312, ಅಂದರೆ 39 ಡಿಗ್ರಿ.

ನನ್ನನ್ನು ಬೆಚ್ಚಿಬೀಳಿಸಿದ್ದು ತಪ್ಪಲ್ಲ. ತಪ್ಪಾದ ಚಿತ್ರ ಮತ್ತು ಸರಿಯಾದ ಚಿತ್ರ ಎರಡೂ ಒಂದೇ! ಅದೇ ಕೆಂಪು, ಅದೇ ಹಳದಿ, ಅದೇ ನೀಲಿ. ಅತಿ ಹೆಚ್ಚಿಗೆ ಕೆಂಪು, ಅತಿ ಕಡಿಮೆಗೆ ನೀಲಿ ಹಚ್ಚುವುದಷ್ಟೇ ಅದರ ಕೆಲಸ. ಬದಲಾದದ್ದು ಬದಿಯ ಅಂಕಿ ಮಾತ್ರ. ಚಂದದ ಚಿತ್ರ ನೋಡಿ ಮರುಳಾಗಿದ್ದರೆ ಕೆಟ್ಟೆವು.

ಆಮೇಲೆ ಅವಳೇ ಪೆನ್ನು ಹಿಡಿದು ಕಾಗದದಲ್ಲಿ ಬರೆದಳು. ಬರಿಯ ಶೀಟಿನಿಂದ ಕೋಣೆಗೆ ಇಳಿಯುವ ಬಿಸಿ: ವ್ಯತ್ಯಾಸ 28 ಡಿಗ್ರಿ, ಒಳಗಿನ ಗಾಳಿ ಬಿಸಿ ಒಯ್ಯುವ ಪ್ರಮಾಣ 6 ಎಂದು ಹಿಡಿದರೆ, ಚದರ ಮೀಟರಿಗೆ 168 ವ್ಯಾಟ್. ನಮ್ಮ ಕೋಣೆ 6 ಮೀಟರ್ ಉದ್ದ, 6 ಮೀಟರ್ ಅಗಲ. ಒಟ್ಟು 6048 ವ್ಯಾಟ್. ಸಾವಿರ ವ್ಯಾಟಿನ ಆರು ಇಸ್ತ್ರಿಪೆಟ್ಟಿಗೆಗಳನ್ನು ಮಕ್ಕಳ ತಲೆಯ ಮೇಲೆ ಹಚ್ಚಿಟ್ಟ ಹಾಗೆ! ನಾರಿನ ಹಲಗೆ ಕೊಟ್ಟರೆ 42 ವ್ಯಾಟ್. ಸರಿಯಾಗಿ ಕಾಲು ಪಾಲು. ಸಾಫ್ಟ್‌ವೇರಿನ ಉತ್ತರವೂ ಅದೇ.

ನಾನು ಚಪ್ಪಾಳೆ ತಟ್ಟುವವನಿದ್ದೆ. ಅವಳು ಮಾತ್ರ ಪರದೆ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಅಪ್ಪಾ, ನೀವು ಕಟ್ಟದ ಉದಾಹರಣೆ ಹೇಳ್ತಿದ್ದಿರಲ್ಲ?" ಎಂದಳು.

ನಮ್ಮೂರಿನ ತೋಡಿಗೆ ಹಾಕುವ ಕಟ್ಟ. ತುಂಬಿದ ಮೇಲೆ ನೀರಿನ ಮಟ್ಟ ಅಲ್ಲಾಡುವುದಿಲ್ಲ. ನೋಡಿದವರಿಗೆ ನೀರು ನಿಂತಿದೆ ಅನಿಸುತ್ತದೆ. ನಿಂತಿಲ್ಲ. ಬಂದಷ್ಟೇ ಹೊರಗೆ ಹೋಗುತ್ತಿದೆ. ಅದಕ್ಕೇ ಮಟ್ಟ ಸ್ಥಿರ. ಏಳನೆಯಲ್ಲಿ ವಹನ, ಸಂವಹನ, ವಿಕಿರಣ ಪಾಠ ಮಾಡುವಾಗ ಈ ಮಾತು ಹೇಳುವುದು ನನ್ನ ಅಭ್ಯಾಸ. ಅವಳ ಸಾಫ್ಟ್‌ವೇರಿನಲ್ಲಿ "ಸ್ಟೆಡಿ ಸ್ಟೇಟ್" ಎಂದು ಗುರುತು ಹಾಕುವುದೂ ಇದನ್ನೇ.

"ಕಟ್ಟ ಎತ್ತರ ಮಾಡಿದರೆ ನೀರು ಹಿಂದೆ ಏರ್ತದೆ ಅಲ್ವಾ? ಹಲಗೆ ಕೊಟ್ಟ ಮೇಲೆ ಬಿಸಿಲು ಸುಮ್ಮನಿರ್ತದಾ? ಒಳಗೆ ಬಾರದ ಬಿಸಿ ಶೀಟಿನಲ್ಲೇ ನಿಲ್ತದೆ. ಶೀಟು 60ರಲ್ಲಿ ಇರುವುದಿಲ್ಲ. ನಾನು ಗಡಿಯಲ್ಲಿ ಬರೆದದ್ದೇ ತಪ್ಪು."

ಸಾಫ್ಟ್‌ವೇರಿಗೆ ವಸ್ತುವಿನ ಅಂಚಿನಲ್ಲಿ ಏನಾಗುತ್ತಿದೆ ಎಂದು ಹೇಳಿಕೊಡಬೇಕು. ಅದಕ್ಕೆ ಗಡಿ ಷರತ್ತು ಎನ್ನಬಹುದು. ಒಳಗಿನ ಉತ್ತರವೆಲ್ಲ ಅದರ ಮೇಲೆಯೇ ನಿಂತಿದೆ. 60 ಎಂದು ಗಟ್ಟಿಯಾಗಿ ಬರೆದದ್ದನ್ನು ಅಳಿಸಿದಳು. ಅಳತೆಯಿಂದಲೇ ಹಿಂದಕ್ಕೆ ಹೋದಳು. ಹೊರಗಿನ ಗಾಳಿಗೆ ಮತ್ತು ಆಕಾಶಕ್ಕೆ ಹೋಗುವ ಬಿಸಿ 18ರಂತೆ ಹಿಡಿದರೆ 504 ವ್ಯಾಟ್, ಒಳಗೆ ಇಳಿಯುವ 168, ಕೂಡಿಸಿದರೆ ಶೀಟು ಬಿಸಿಲಿನಿಂದ ಹೀರಿದ್ದು 672. ಅದನ್ನು ಗಡಿಯಲ್ಲಿ ಬರೆದು ಓಡಿಸಿದಳು. ಶೀಟು 66 ದಾಟಿತು. ಹಲಗೆಯ ಅಡಿ 40.6 ಡಿಗ್ರಿ. ಒಳಗೆ ಬರುವುದು 42 ಅಲ್ಲ, 52 ವ್ಯಾಟ್. ಆರು ಇಸ್ತ್ರಿಪೆಟ್ಟಿಗೆಯಲ್ಲಿ ಒಂದೂವರೆ ಅಲ್ಲ, ಹತ್ತಿರ ಹತ್ತಿರ ಎರಡು ಉಳಿಯುತ್ತದೆ. ಲಾಭ ಸ್ವಲ್ಪ ಕಡಿಮೆ. ಆದರೆ ನಿಜಕ್ಕೆ ಹತ್ತಿರ.

ನನ್ನ ಕಣ್ಣು ಒದ್ದೆಯಾಯಿತು ಎಂದು ಹೇಳಲು ನಾಚಿಕೆಯೇನಿಲ್ಲ. ಮೊದಲ ವರ್ಷ ಇದೇ ಹುಡುಗಿ ಫೋನಿನಲ್ಲಿ ಅತ್ತಿದ್ದಳು. "ಎಲ್ಲರಿಗೂ ಥರ್ಮಲ್ ಕಂಡಕ್ಟಿವಿಟಿ ಗೊತ್ತುಂಟು ಅಪ್ಪಾ, ನನಗೆ ಉಷ್ಣವಾಹಕತೆ ಮಾತ್ರ ಗೊತ್ತು. ಕನ್ನಡದಲ್ಲಿ ಯಾಕೆ ಕಲಿಸಿದಿರಿ?" ಆ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಇಂಗ್ಲಿಷ್ ಪದ ಆರು ತಿಂಗಳಲ್ಲಿ ಬಂತು. ಕಟ್ಟದ ನೀರು ಮಾತ್ರ ಮೊದಲೇ ಒಳಗಿತ್ತು.

ಚಿತ್ರ ನೋಡಲು ಬಂದ ಮನೆಯೊಡತಿ ಅಮ್ಮನಿಗೆ ಮಲಯಾಳದಲ್ಲಿ ವಿವರಿಸಿದಳು. ಅವರು ನಕ್ಕು, "ನನ್ನ ಅಪ್ಪನ ಮನೆಗೆ ಬೈಹುಲ್ಲಿನ ಮಾಡು ಇತ್ತು. ಹಗಲು ತಂಪು, ರಾತ್ರಿ ಬೆಚ್ಚಗೆ. ಕಂಪ್ಯೂಟರ್ ಬೇಕಾಗಿರಲಿಲ್ಲ" ಎಂದರು. ನಿಜವೇ. ಹುಲ್ಲಿನ ನಡುವೆಯೂ, ನಾರಿನ ನಡುವೆಯೂ ಬಿಸಿಯನ್ನು ತಡೆಯುವುದು ಅಲ್ಲಿ ಸಿಕ್ಕಿಬಿದ್ದು ಅಲ್ಲಾಡದ ಗಾಳಿ. ಆದರೆ ಹುಲ್ಲಿನ ಮಾಡು ಬೇಕೆಂದು ಅರ್ಜಿ ಕೊಟ್ಟರೆ ಯಾರು ಕೇಳುತ್ತಾರೆ? ಅರ್ಜಿಗೆ ಅಂಕಿ ಬೇಕು.

ಜೂನಿನಲ್ಲಿ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಎರಡು ಚಿತ್ರಗಳನ್ನೂ ತೋರಿಸಿದೆ. 166 ಡಿಗ್ರಿ ಚಳಿಯ ಚಿತ್ರವನ್ನೂ! ಇನ್ನೊಂದು ಲೆಕ್ಕವನ್ನೂ ಹೇಳಿದೆ. ನಮ್ಮ ಶಾಲೆಯಿಂದ ಈ ಸಲ 9 ಮಕ್ಕಳು ಏಳು ಮುಗಿಸಿ ಹೊರಟರು. ಒಂದಕ್ಕೆ ಬಂದವರು 6. ಹೋದಷ್ಟು ಬಾರದಿದ್ದರೆ ಯಾವ ಕಟ್ಟದ ಮಟ್ಟವೂ ನಿಲ್ಲುವುದಿಲ್ಲ. ಕನ್ನಡದ ಮೇಲೆ ಪ್ರೀತಿ ಇಲ್ಲವೆಂದು ತಂದೆತಾಯಿಯರನ್ನು ದೂರುವುದು ಸುಲಭ. ಮಗು ತಲೆನೋವೆಂದು ಮನೆಗೆ ಬಂದರೆ ಪ್ರೀತಿ ಎಷ್ಟು ದಿನ ತಡೆದೀತು?

ಒಂದು ಕೋಣೆಗೆ ಹಲಗೆ ಹಾಕಿಸುವಷ್ಟು ಹಣ ಊರವರೇ ಕೂಡಿಸಿದರು. ಏಳನೇ ತರಗತಿಗೇ ಹಾಕಿದ್ದೇವೆ. ಕರಿಹಲಗೆಯ ಮೂಲೆಯಲ್ಲಿ ಮಕ್ಕಳು 40.6 ಎಂದು ಬರೆದು ಸುತ್ತ ಚೌಕ ಹಾಕಿದ್ದಾರೆ. ಬರುವ ಮಾರ್ಚಿನ ಮಧ್ಯಾಹ್ನ ಥರ್ಮಾಮೀಟರು ಏನು ಹೇಳುತ್ತದೋ ನೋಡಬೇಕು. 40 ಬಂದರೆ ಸಂತೋಷ. 45 ಬಂದರೆ ಗಡಿಯಲ್ಲಿ ಏನು ತಪ್ಪು ಬರೆದಿದ್ದೇವೆ ಎಂದು ಮತ್ತೆ ಕೂತು ಹುಡುಕುತ್ತೇವೆ.

ನಿಮ್ಮ ಶಾಲೆಯ ಶೀಟು ಎಷ್ಟು ಬಿಸಿ? ಅಳೆದು ತಿಳಿಸುತ್ತೀರಲ್ಲ?