ಕೌದಿಯ ಮೂಲೆಯ ಹೂ

ಘಟ್ಟದ ಮೇಲಿನ ಉತ್ತರ ಕನ್ನಡವೆಂದೊಡನೆ ಪ್ರವಾಸಿಗನ ನೆನಪಿಗೆ ಬರುವುವು ಸಿದ್ದಾಪುರದ ಅಡಕೆ ತೋಟಗಳು, ಶಿರಸಿಯ ಮಾರಿಕಾಂಬೆಯ ಗುಡಿ, ಯಲ್ಲಾಪುರದ ಬಳಿ ಧುಮುಕುವ ಮಾಗೋಡಿನ ಜಲಪಾತ. ಇಷ್ಟನ್ನು ಕಂಡು ಹಿಂದಿರುಗಿದರೆ ನಾಡನ್ನು ನೋಡಿದಂತಾಯಿತು, ನಿಜ. ಆದರೆ ಆ ನಾಡಿನ ಜನರನ್ನು ಕಾಣಬೇಕಾದರೆ ಡಾಂಬರು ರಸ್ತೆಯನ್ನು ಬಿಟ್ಟು ಕಾಲುದಾರಿಯನ್ನು ಹಿಡಿಯಬೇಕು.

ಸಿದ್ದಾಪುರದಿಂದ ಶಿರಸಿಗೆ, ಶಿರಸಿಯಿಂದ ಉತ್ತರಕ್ಕೆ ಯಲ್ಲಾಪುರದತ್ತ ಸಾಗಿದಂತೆ ಕಣಿವೆಯ ತೋಟಗಳು ಹಿಂದೆ ಸರಿದು ಕಾಡು ದಟ್ಟವಾಗುತ್ತದೆ. ಯಲ್ಲಾಪುರ, ಹಳಿಯಾಳ ತಾಲ್ಲೂಕುಗಳ ಈ ಕಾಡಿನ ನಡುನಡುವೆ ಸಿದ್ದಿಯರ ಪುಟ್ಟ ಕೇರಿಗಳಿವೆ. ಇವರ ಪೂರ್ವಜರು ಆಫ್ರಿಕಾ ಖಂಡದವರು. ಇಂದು ಇವರ ಮನೆಗಳಲ್ಲಿ ಕೇಳಿಬರುವುದು ಕೊಂಕಣಿ, ಕನ್ನಡ. ಹಿಂದೂ, ಮುಸಲ್ಮಾನ, ಕ್ರೈಸ್ತ, ಮೂರು ಮತದವರೂ ಇವರಲ್ಲಿದ್ದಾರೆ. ಇಲ್ಲಿ ಹೇಳಹೊರಟಿರುವುದು ಕ್ರೈಸ್ತ ಸಿದ್ದಿಯರ ಮಾತನ್ನು.

ಅವರ ಕಥೆ ಆರಂಭವಾಗುವುದು ಸಂಕೋಲೆಯಿಂದ. ಪೋರ್ತುಗೀಸರ ಹಡಗುಗಳು ಆಫ್ರಿಕಾದ ಪೂರ್ವ ಕರಾವಳಿಯಿಂದ ಮನುಷ್ಯರನ್ನು ಸರಕಿನಂತೆ ಗೋವೆಗೆ ತಂದವು. ಕ್ರೈಸ್ತಮತವೂ ಅವರಿಗೆ ಬಂದದ್ದು ಒಡೆಯರ ಕೈಯಿಂದಲೇ. ಪೋರ್ತುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ್ದು ೧೮೬೯ರಲ್ಲಿ. ಅದಕ್ಕೂ ಬಹಳ ಮೊದಲೇ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟವನ್ನೇರಿ ಈ ಕಾಡನ್ನು ಸೇರಿದ್ದರು. ಸೋಜಿಗವೆಂದರೆ, ಒಡೆಯನನ್ನು ತೊರೆದವರು ಆ ಧರ್ಮವನ್ನು ತೊರೆಯಲಿಲ್ಲ. ಇಗರ್ಜಿಯಿಲ್ಲದ ಕಾಡಿಗೂ ಶಿಲುಬೆಯನ್ನು ಕೊಂಡೊಯ್ದರು. ಶಿಲುಬೆಯ ಮೇಲಿರುವವನು ಒಡೆಯರ ಪಕ್ಷದವನಲ್ಲ, ತಮ್ಮಂತೆಯೇ ಬಂಧನಕ್ಕೊಳಗಾಗಿ ಚಾಟಿಯೇಟು ತಿಂದವನು ಎಂಬುದನ್ನು ನೊಂದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲವೇನೋ!

ಕಾಡಿನಲ್ಲಿಯೂ ಬಾಳು ಹಗುರವಾಗಲಿಲ್ಲ. ಪರರ ಗದ್ದೆ ತೋಟಗಳಲ್ಲಿ ಕೂಲಿ, ತೀರದ ಸಾಲಕ್ಕೆ ಜೀತ, ಉಳಿದ ಹೊತ್ತಿನಲ್ಲಿ ಜೇನು ಸೀಗೆಗಳ ಸಂಗ್ರಹ. ಆದರೂ ಹಬ್ಬದಿರುಳು ದಮಾಮಿಯ ಸದ್ದು ಎದ್ದಿತೆಂದರೆ, ದಣಿದ ಕಾಲುಗಳು ದಣಿವನ್ನು ಮರೆತು ಕುಣಿಯುತ್ತವೆ. ಆ ಕುಣಿತದಲ್ಲಿ ಮೂರು ಮತದವರಿಗೂ ಪಾಲುಂಟು.

ಈ ಜನರ ಸಂತೋಷವನ್ನು ಇನ್ನೂ ಹತ್ತಿರದಿಂದ ಅರಿಯಬೇಕಾದರೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಬೇಕು. ಉಟ್ಟು ಸವೆದ ಸೀರೆ, ತೊಟ್ಟು ಹರಿದ ಅಂಗಿ, ಇವೇ ಅದರ ಬಂಡವಾಳ. ಹಳೆಯ ಸೀರೆಯೊಂದನ್ನು ಹಾಸಿ, ಅದರ ಮೇಲೆ ಬಣ್ಣಬಣ್ಣದ ತುಣುಕುಗಳನ್ನಿಟ್ಟು, ಅಂಚಿನಿಂದ ಮೊದಲುಗೊಂಡು ಸುತ್ತುತ್ತ ಸುತ್ತುತ್ತ ನಡುವಿಗೆ ಹೊಲಿಗೆಯನ್ನು ತರುತ್ತಾರೆ. ಕೆಲವು ಕ್ರೈಸ್ತ ಗೃಹಿಣಿಯರು ತುಣುಕುಗಳಲ್ಲಿಯೇ ಶಿಲುಬೆಯನ್ನು ಮೂಡಿಸುವುದುಂಟು. ಎಲ್ಲವೂ ಮುಗಿದ ಮೇಲೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ‘ಫುಲ’ ಎಂದರೆ ಹೂಗಳನ್ನು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಮಾತಿನಲ್ಲಿ ಬೆತ್ತಲೆ ಕೌದಿ. ಚಳಿಯನ್ನು ತಡೆಯಲು ಹೂ ಬೇಕಾಗಿಲ್ಲ. ಆದರೆ ಅದನ್ನು ಹೊದ್ದು ಮಲಗುವುದು ಮೊಮ್ಮಗುವಲ್ಲವೇ? ಅದಕ್ಕಾಗಿ ಬೇಕು.

ಸಂತ ಪೌಲನು ಫಿಲಿಪ್ಪಿಯವರಿಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಆದರೂ ಅದರಲ್ಲಿ ಮತ್ತೆ ಮತ್ತೆ ಬರುವುದು ಆನಂದದ ಮಾತು. ಈ ಆನಂದವೆಂದರೆ ಕಷ್ಟವನ್ನು ಕೊಂಡಾಡುವುದಲ್ಲ. ಅನ್ಯಾಯವು ಎಂದಿಗೂ ಅನ್ಯಾಯವೇ. ಇಲ್ಲಿಯ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸೇರಲು ೨೦೦೩ರವರೆಗೆ ಕಾಯಬೇಕಾಯಿತು. ಆದರೆ ಅನ್ಯಾಯ ತೀರಲಿ, ಆಮೇಲೆ ನಕ್ಕರಾಯಿತೆಂದು ಈ ತಾಯಂದಿರು ಕುಳಿತಿರಲಿಲ್ಲ. ಕೈಗೆ ಸಿಕ್ಕಿದ ಹರಕಿನಿಂದಲೇ ಇನ್ನೊಬ್ಬರಿಗೆ ಬೆಚ್ಚನೆಯ ಹೊದಿಕೆಯನ್ನು ಮಾಡಿದರು. ಅವರ ಬಾಳಿಗೆ ಗುರಿಯೂ ಅಲ್ಲಿಯೇ ದೊರೆಯಿತು.

ಯಲ್ಲಾಪುರದ ಕಡೆಗೆ ಹೋಗುವ ವಾಚಕರು, ಯಾವುದಾದರೊಂದು ಅಂಗಳದಲ್ಲಿ ಅಂಥ ಕೌದಿಯು ಬಿಸಿಲಿಗೆ ಹರಡಿರುವುದನ್ನು ಕಂಡರೆ ಕ್ಷಣಕಾಲ ನಿಂತು ನೋಡಲಿ. ಮೂಲೆಯ ಹೂವನ್ನು ಮಾತ್ರ ಮರೆಯದಿರಲಿ.