ವಾಕರನ ಲೆಡ್ಜರಿನಲ್ಲಿ ಒಂದು ಎಂಟ್ರಿ

ಬ್ಯಾಂಕಿನಲ್ಲಿ ಸಾಲದ ಫೈಲು ನೋಡಿ ನೋಡಿ ಅಭ್ಯಾಸವಾದವನಿಗೆ ಖಾಲಿ ಜಾಗ ಅಂದರೆ ಮೊದಲು ವ್ಯಾಲ್ಯುಯೇಶನ್ನೇ ನೆನಪಾಗುತ್ತದೆ. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ, ಪಾರ್ಲಿಮೆಂಟಿಗೆ ಹತ್ತಿರದ ಬಾರ್ಟನ್ ಬಡಾವಣೆಯಲ್ಲಿ, ಆಫೀಸು ಕಟ್ಟಡಗಳ ನಡುವೆ ಸುಮಾರು ಒಂದು ಎಕರೆ ಹುಲ್ಲನ್ನು ಹಾಗೇ ಕಾಪಾಡಿಕೊಂಡು ಬಂದಿದ್ದಾರೆ. ಯಾರಿಗಾಗಿ ಅಂತೀರಿ? ಒಂದು ಪತಂಗಕ್ಕಾಗಿ!

ಹೆಸರು ಗೋಲ್ಡನ್ ಸನ್ ಮಾತ್. ರಾತ್ರಿ ದೀಪಕ್ಕೆ ಮುತ್ತುವ ಜಾತಿಯಲ್ಲ, ಹಾಡಹಗಲು ಬಿಸಿಲು ಏರಿದ ಮೇಲೆ ಹಾರುತ್ತದೆ. ಅದೂ ಹೆಚ್ಚಾಗಿ ಗಂಡು, ನೆಲದಿಂದ ಒಂದು ಮೀಟರ್ ಮೇಲೆ. ಹೆಣ್ಣು ಹುಲ್ಲಿನ ನಡುವೆ ಕೂತು ಕಿತ್ತಳೆ ಬಣ್ಣದ ಹಿಂದಿನ ರೆಕ್ಕೆ ತೋರಿಸುತ್ತಾ ಕಾಯುತ್ತದೆ. ಪತಂಗವಾದ ಮೇಲೆ ತಿನ್ನಲು ಬಾಯಿಯೇ ಇಲ್ಲ, ಬದುಕುವುದು ಕೆಲವೇ ದಿನ. ಅದಕ್ಕೆ ಮುಂಚೆ ಮಾತ್ರ ಹುಳುವಾಗಿ ಮಣ್ಣೊಳಗೆ ವಾಲಬಿ ಹುಲ್ಲಿನ ಬೇರು ತಿನ್ನುತ್ತಾ ದೀರ್ಘಕಾಲ ಇರುತ್ತದೆ. ತನ್ನ ಹುಲ್ಲು ಬಿಟ್ಟು ನೂರು ಮೀಟರ್ ಆಚೆ ಹೋಗುವುದೂ ಅಪರೂಪ. ನಾವು ಚಳ್ಳಕೆರೆ ಬಿಟ್ಟು ಹೈದರಾಬಾದಿಗೆ ಬಂದು ಮನೆ ಮಾಡಿದೆವು. ಇದಕ್ಕೆ ಟ್ರಾನ್ಸ್‌ಫರ್ ಇಲ್ಲ. ನೆಲ ಉತ್ತರೆ, ಸೈಟು ಮಾಡಿದರೆ, ಅಲ್ಲಿಗೆ ಮುಗಿಯಿತು.

ಇದನ್ನು 1854ರಲ್ಲಿ ವರ್ಣಿಸಿ 'ಸೈನೆಮಾನ್ ಪ್ಲಾನಾ' ಅಂತ ಹೆಸರಿಟ್ಟವನು ಲಂಡನ್ನಿನ ಫ್ರಾನ್ಸಿಸ್ ವಾಕರ್ (1809-1874). ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದು ಬೀಳುತ್ತಿದ್ದ ಕೀಟಗಳ ಕ್ಯಾಟಲಾಗು ಬರೆಯುವುದು ಅವನ ಕೆಲಸ. ಪತಂಗ-ಚಿಟ್ಟೆಗಳ ಪಟ್ಟಿಯೇ 1854ರಿಂದ 1866ರವರೆಗೆ 35 ಭಾಗ. ಅವಸರದಲ್ಲಿ ಒಂದೇ ಜೀವಿಗೆ ಎರಡು ಮೂರು ಸಲ ಬೇರೆ ಬೇರೆ ಹೆಸರು ಕೊಟ್ಟುಬಿಡುತ್ತಿದ್ದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಬ್ಬನೇ ಗಿರಾಕಿಗೆ ಮೂರು ಖಾತೆ! ಸತ್ತಾಗ ಕೀಟಶಾಸ್ತ್ರದ ಪತ್ರಿಕೆಯೊಂದು, ಇಪ್ಪತ್ತು ವರ್ಷ ಮೊದಲೇ ಹೋಗಿದ್ದರೆ ಅವನ ಹೆಸರಾದರೂ ಉಳಿಯುತ್ತಿತ್ತು ಅನ್ನುವ ಧಾಟಿಯಲ್ಲಿ ಬರೆಯಿತು. ಶ್ರದ್ಧಾಂಜಲಿ ನೋಡಿ ಅದು...

ನಮ್ಮ ಕಡೆ ಶೇಂಗಾ ಹೊಲಕ್ಕೆ ಬೀಳುವ ಕೆಂಪು ಕಂಬಳಿಹುಳು ಇದೆಯಲ್ಲ, ಮಳೆ ಬಿದ್ದ ಮೇಲೆ ದಂಡು ಕಟ್ಟಿಕೊಂಡು ಬರುವುದು? ಅದರ ಶಾಸ್ತ್ರೀಯ ಹೆಸರಿನ ಮುಂದೆಯೂ ಇದೇ ವಾಕರನ ಹೆಸರು. ಬೆಳೆಸಾಲ ಕೊಟ್ಟವರಿಗೆ ಆ ಹುಳು ಗೊತ್ತು, ವಾಕರ್ ಗೊತ್ತಿಲ್ಲ.

ನನಗೇನೋ ಅವನ ಮೇಲೆ ಕನಿಕರ. ಡಬಲ್ ಎಂಟ್ರಿ ತಪ್ಪೇ, ಒಪ್ಪೋಣ. ಅದನ್ನು ಹುಡುಕಿ ತೆಗೆಯಲು ಮುಂದಿನವರು ತಲೆ ಕೆಡಿಸಿಕೊಂಡರು. ಆದರೆ 2002ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಈ ಪತಂಗವನ್ನು ತೀವ್ರ ಅಪಾಯದಲ್ಲಿರುವ ಜೀವಿ ಅಂತ ಕಾನೂನಿನ ಪಟ್ಟಿಗೆ ಸೇರಿಸಿದಾಗ ಬರೆದದ್ದು ವಾಕರ್ ಕೊಟ್ಟ ಹೆಸರನ್ನೇ. ಪಟ್ಟಿಗೆ ಸೇರಿದ ಮೇಲೆ ಆಯಿತು, ಆ ಹುಲ್ಲಿನಲ್ಲಿ ಲೇಔಟ್ ಮಾಡುವವರು ಮೊದಲು ಪತಂಗ ಹುಡುಕಬೇಕಾಯಿತು. ಹಾಗೆ ಹುಡುಕಿದ್ದರಿಂದಲೇ ಹೊಸ ಹೊಸ ಜಾಗದಲ್ಲಿ ಸಿಕ್ಕಿ, 2021ರಲ್ಲಿ ಅದರ ದರ್ಜೆಯನ್ನು ಒಂದಿಷ್ಟು ಕಡಿಮೆ ಅಪಾಯದ ಪಟ್ಟಿಗೆ ಇಳಿಸಿದರು.

ಮೆಲ್ಬರ್ನಿನಲ್ಲೋ ಕ್ಯಾನ್ಬೆರಾದಲ್ಲೋ ಮಕ್ಕಳಿರುವವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ. ನವೆಂಬರ್, ಡಿಸೆಂಬರಿನಲ್ಲಿ ಹೋದರೆ ಮಧ್ಯಾಹ್ನದ ಬಿಸಿಲಲ್ಲಿ ಹುಲ್ಲಿನ ಕಡೆ ಸ್ವಲ್ಪ ಕಣ್ಣು ಹಾಯಿಸಿ. ಕಂಡರೆ ನನಗೂ ಒಂದು ಸಾಲು ಬರೆಯಿರಿ.