ಬಾಂಬು ಬಿದ್ದ ರಾತ್ರಿಯ ಒಂಬತ್ತರ ವಾರ್ತೆ

ಲಂಡನ್. 1940ರ ಅಕ್ಟೋಬರ್ 15, ಮಂಗಳವಾರ. ಸಂಜೆ ಏಳು ದಾಟಿದೆ. ಯುದ್ಧಕಾಲ; ಬಾಂಬು ಹಾಕಲು ಬರುವ ಶತ್ರು ವಿಮಾನಗಳಿಗೆ ಊರು ಕಾಣಬಾರದೆಂದು ಬೀದಿದೀಪ ಆರಿಸಿ ವರ್ಷದ ಮೇಲಾಯಿತು. ಆದರೂ ಇವತ್ತು ಕಾಲು ಎಡವುತ್ತಿಲ್ಲ. ಹುಣ್ಣಿಮೆಯ ಆಸುಪಾಸು, ಊರಿಗೆಲ್ಲ ಬೆಳದಿಂಗಳು. ಲಂಡನ್ನಿನವರಿಗೆ ಈಗ ಬೆಳದಿಂಗಳೆಂದರೆ ಎದೆ ಝಲ್ಲೆನ್ನುತ್ತದೆ. ಮೇಲೆ ವಿಮಾನದಲ್ಲಿ ಕುಳಿತವನಿಗೂ ಊರು ಇಷ್ಟೇ ಚೆನ್ನಾಗಿ ಕಾಣುತ್ತದಲ್ಲ!

ರೀಜೆಂಟ್ ಸ್ಟ್ರೀಟ್ ಮುಗಿದು ಪೋರ್ಟ್‌ಲ್ಯಾಂಡ್ ಪ್ಲೇಸ್ ಶುರುವಾಗುವಲ್ಲಿ ರಸ್ತೆ ಎಡಕ್ಕೆ ಬಳುಕುತ್ತದೆ. ಬಲಗಡೆ ಆಲ್ ಸೋಲ್ಸ್ ಚರ್ಚಿನ ಚೂಪು ಗೋಪುರ. ಅದರ ಪಕ್ಕದಲ್ಲೇ, ರಸ್ತೆಯ ತಿರುವಿಗೆ ತಕ್ಕಂತೆ ಮೈ ಬಾಗಿಸಿಕೊಂಡು ನಿಂತಿದೆ ಬ್ರಾಡ್‌ಕಾಸ್ಟಿಂಗ್ ಹೌಸ್, ಬಿಬಿಸಿಯ ಕೇಂದ್ರ ಕಚೇರಿ. ದುಂಡನೆಯ ಮುಂಭಾಗ, ಸಾಲು ಸಾಲು ಕಿಟಕಿ, ನೆತ್ತಿಯ ಮೇಲೆ ಕಂಬಗಳು: ಬೀದಿಗೆ ಬಂದು ಲಂಗರು ಹಾಕಿದ ಹಡಗಿನಂತಿದೆ ಎಂದು ಊರಿನವರೇ ಹೇಳುತ್ತಾರೆ. ಎಂಟು ವರ್ಷದ ಹಿಂದೆ ಪೋರ್ಟ್‌ಲ್ಯಾಂಡ್ ಕಲ್ಲಿನ ಬಿಳುಪಿನಿಂದ ಕಣ್ಣು ಕುಕ್ಕುತ್ತಿದ್ದ ಗೋಡೆಗಳು ಈಗ ಮಾಸಲು ಬಣ್ಣ ಬಳಿದುಕೊಂಡಿವೆ. ಮೇಲಿನಿಂದ ಗುರುತು ಸಿಗಬಾರದೆಂದು.

ಒಳಗೆ ಹೋಗುವ ಮುನ್ನ ಬಾಗಿಲ ಮೇಲೊಮ್ಮೆ ನೋಡಿ. ಗಡ್ಡದ ಮುದುಕನೊಬ್ಬ, ಅವನ ಮುಂದೆ ಬರಿಮೈ ಹುಡುಗ. ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದ ಪ್ರಾಸ್ಪೆರೊ ಮತ್ತು ಅವನ ಆಜ್ಞಾಧಾರಕ ಏರಿಯಲ್. ಏರಿಯಲ್ ಗಾಳಿಯ ಜೀವಿ; ಗಾಳಿಯಲ್ಲಿ ಮಾತು ಕಳಿಸುವ ಸಂಸ್ಥೆಗೆ ಇದಕ್ಕಿಂತ ಒಪ್ಪುವ ಲಾಂಛನ ಎಲ್ಲಿ ಸಿಕ್ಕೀತು? ಕೆತ್ತಿದವನು ಎರಿಕ್ ಗಿಲ್, ಇಲ್ಲೇ ಅಟ್ಟಣೆ ಕಟ್ಟಿಕೊಂಡು. ಹುಡುಗನ ಬೆತ್ತಲೆ ಕಂಡು ಆಗ ಗುಲ್ಲೆದ್ದಿತ್ತು. ದೂರು ಪಾರ್ಲಿಮೆಂಟಿನವರೆಗೂ ಹೋಗಿತ್ತು.

ಪಹರೆಯವನು ಪಾಸನ್ನು ತಿರುಗಿಸಿ ಮುರುಗಿಸಿ ನೋಡಿ ಬಿಡುತ್ತಾನೆ. ಎದುರಿಗೆ ಬೀಜ ಬಿತ್ತುವ ರೈತನ ವಿಗ್ರಹ; ಅದೂ ಗಿಲ್‌ನದೇ. ಗೋಡೆಯ ಮೇಲೆ ಲ್ಯಾಟಿನ್ ಶಾಸನ: 1931ರಲ್ಲಿ, ಸರ್ ಜಾನ್ ರೀತ್ ಮಹಾನಿರ್ದೇಶಕರಾಗಿದ್ದಾಗ, ಈ ಮಂದಿರವನ್ನು ಸರ್ವಶಕ್ತ ದೇವರಿಗೆ ಅರ್ಪಿಸಲಾಯಿತು, ಇಲ್ಲಿ ಬಿತ್ತಿದ ಒಳ್ಳೆಯ ಬೀಜ ಒಳ್ಳೆಯ ಫಸಲು ಕೊಡಲಿ ಎಂಬ ಪ್ರಾರ್ಥನೆ. ರೇಡಿಯೊ ಕಚೇರಿಯ ಹಜಾರದಲ್ಲಿ ದೇವಸ್ಥಾನದ ಗಾಂಭೀರ್ಯ. ರೀತ್ ಅವರ ಸ್ವಭಾವವೇ ಅಂಥದ್ದು.

ಕಟ್ಟಡದ ನಿಜವಾದ ಜಾಣ್ಮೆ ಮಾತ್ರ ಹಜಾರದಲ್ಲಿ ಕಾಣುವುದಿಲ್ಲ. ಅದಕ್ಕೆ ಒಳಗೆ ನಡೆಯಬೇಕು.

ಬಿಬಿಸಿ 1923ರಿಂದ ಥೇಮ್ಸ್ ದಂಡೆಯ ಸವಾಯ್ ಹಿಲ್‌ನಲ್ಲಿತ್ತು. ಕೇಳುಗರು ಬೆಳೆದಂತೆ ಅಲ್ಲಿ ಕಾಲಿಡಲೂ ಜಾಗವಿಲ್ಲದಂತಾಯಿತು. ಹೊಸ ಜಾಗ ಹುಡುಕುವಾಗ ಸಿಕ್ಕಿದ್ದು ಇದು, ಸಿರಿವಂತರಿಗೆ ಫ್ಲ್ಯಾಟ್ ಕಟ್ಟಲೆಂದು ಇಟ್ಟಿದ್ದ ನಿವೇಶನ. ವಾಸ್ತುಶಿಲ್ಪಿ ಜಾರ್ಜ್ ವಾಲ್ ಮೈಯರ್; ಬಿಬಿಸಿ ಕಡೆಯಿಂದ ಎಂಜಿನಿಯರ್ ಮಾರ್ಮಡ್ಯೂಕ್ ಟಡ್ಸ್‌ಬರಿ. ಜಾಗ ಚಿಕ್ಕದು, ಆಕಾರ ಸೊಟ್ಟ, ಸುತ್ತ ವಾಹನಗಳ ಗದ್ದಲ. ಸ್ಟುಡಿಯೊಗೆ ಬೇಕಾದದ್ದೋ ಮೌನ. ಬೀದಿಯ ಬಸ್ಸಿನ ಸದ್ದು ಮೈಕಿಗೆ ಬೀಳಬಾರದು, ಪಕ್ಕದ ಸ್ಟುಡಿಯೊದ ಡೋಲು ಇಲ್ಲಿನ ಭಾಷಣದ ನಡುವೆ ಕೇಳಬಾರದು.

ಅವರು ಹೂಡಿದ ಉಪಾಯ ಸರಳ. ಕಟ್ಟಡದೊಳಗೊಂದು ಕಟ್ಟಡ. ನಟ್ಟನಡುವೆ ದಪ್ಪ ಇಟ್ಟಿಗೆ ಗೋಡೆಯ ಗೋಪುರ, ಅದರೊಳಗೆ ಸ್ಟುಡಿಯೊಗಳು. ಸುತ್ತಲೂ ಕಚೇರಿಗಳ ಬಳೆ. ಬೆಳಕು ಗಾಳಿ ಬೇಕಾದ ಗುಮಾಸ್ತರು ಕಿಟಕಿ ಪಕ್ಕ, ಮೌನ ಬೇಕಾದ ಮೈಕು ಗರ್ಭಗುಡಿಯಲ್ಲಿ. ಹೊರಗಿನ ಕಚೇರಿಗಳಿಗೆ ಉಕ್ಕಿನ ಚೌಕಟ್ಟು. ಗೋಪುರದ ಗೋಡೆಗೆ ಮಾತ್ರ ಬರೀ ಇಟ್ಟಿಗೆ. ಉಕ್ಕು ಕಂಪನವನ್ನು ಒಂದು ಮಹಡಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ, ಇಟ್ಟಿಗೆ ಅದನ್ನು ನುಂಗಿಕೊಳ್ಳುತ್ತದೆ. ಹೀಗೆ ಒಟ್ಟು 22 ಸ್ಟುಡಿಯೊ. ಕಿಟಕಿಯಿಲ್ಲದ ಇಷ್ಟೊಂದು ಕೋಣೆಗಳಲ್ಲಿ ಉಸಿರಾಡುವುದು ಹೇಗೆ? ಹೊರಗಿನ ಗಾಳಿಯನ್ನು ಎಳೆದು, ತೊಳೆದು, ಹದಮಾಡಿ ಕೊಳವೆಗಳಲ್ಲಿ ಹರಿಸಬೇಕು. ಆ ಕೊಳವೆಗಳಲ್ಲೂ ಸದ್ದು ಸಾಗದಂತೆ ನೋಡಿಕೊಳ್ಳಬೇಕು.

ಒಳಾಂಗಣದಲ್ಲಿ ಯುವಕರ ಕೈಚಳಕ ಕಾಣುತ್ತದೆ. ರೇಮಂಡ್ ಮೆಕ್‌ಗ್ರಾ, ವೆಲ್ಸ್ ಕೋಟ್ಸ್, ಸರ್ಜ್ ಚೆರ್ಮಾಯೆಫ್ ಇವರಿಗೆ ಸ್ಟುಡಿಯೊಗಳನ್ನು ಹಂಚಲಾಗಿತ್ತು. ಕೊರೆದ ಮರ, ಕೆತ್ತನೆಯ ಚಾವಣಿ ಯಾವುದೂ ಬೇಡವೆಂದು ನೇರ ಗೆರೆ, ಲೋಹದ ಹೊಳಪು, ನಯವಾದ ಮೇಲ್ಮೈಗಳನ್ನು ತಂದರು. ಮೂರನೆಯ ಮಹಡಿಯಲ್ಲೊಂದು ಸ್ಟುಡಿಯೊ ಪುಟ್ಟ ಚರ್ಚಿನಂತಿದೆ. ಪ್ರಾರ್ಥನೆ ಪ್ರಸಾರವಾಗುತ್ತಿದ್ದದ್ದು ಅಲ್ಲಿಂದಲೇ. ಪೂರ್ವದ ಕಡೆಯ ಚಾವಣಿ ಇಳಿಜಾರಾಗಿರುವುದು ಅಂದಕ್ಕಾಗಿ ಎಂದುಕೊಳ್ಳಬೇಡಿ. ಹಿಂದಿನ ಬೀದಿಯವರು ತಮ್ಮ ಮನೆಗೆ ಬೀಳುವ ಬೆಳಕು ತಪ್ಪಬಾರದೆಂದು ಪಟ್ಟು ಹಿಡಿದರು. ಕಾನೂನು ಅವರ ಕಡೆಗಿತ್ತು.

ಮೆಟ್ಟಿಲಿಳಿಯಿರಿ. ನೆಲದಡಿಯೇ ಮೂರು ಅಂತಸ್ತು. ಸಂಗೀತ ಸಭಾಂಗಣದಲ್ಲಿ ಇವತ್ತು ವಾದ್ಯಗಳಿಲ್ಲ, ಹಾಸಿಗೆಗಳ ಸಾಲಿದೆ. ಬಾಂಬಿನ ಭಯಕ್ಕೆ ಮನೆಗೆ ಹೋಗಲಾಗದ ಸಿಬ್ಬಂದಿ ಇಲ್ಲೇ ಮಲಗುತ್ತಾರೆ. ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟಿದ್ದಾರೆ: ಈ ಕಡೆ ಗಂಡಸರು, ಆ ಕಡೆ ಹೆಂಗಸರು. ಯಾರೋ ಗೊರಕೆ ಹೊಡೆಯುತ್ತಿದ್ದಾರೆ. ಅಷ್ಟರಲ್ಲಿ ಕಾಲಡಿ ಸಣ್ಣಗೆ ಗುಡುಗುಡು. ಬೇಕರ್‌ಲೂ ಮಾರ್ಗದ ಸುರಂಗ ರೈಲು. ಇಷ್ಟೆಲ್ಲ ಇಟ್ಟಿಗೆ ಪೇರಿಸಿದ ಎಂಜಿನಿಯರುಗಳಿಗೂ ಭೂಮಿಯೊಳಗಿನ ಈ ಸದ್ದನ್ನು ತಡೆಯಲು ಆಗಲಿಲ್ಲ.

ಎಂಟು ದಾಟಿದೆ. ಮೇಲೆಲ್ಲೋ ಗಾಜು ಒಡೆದ ಸದ್ದು, ಕಟ್ಟಡಕ್ಕೊಂದು ಕುಲುಕು. ಆಮೇಲೆ ಏನೂ ಇಲ್ಲ. 500 ಪೌಂಡ್ ತೂಕದ ಬಾಂಬು ಏಳನೆಯ ಮಹಡಿಯ ಕಿಟಕಿಯಿಂದ ನುಗ್ಗಿ, ಐದನೆಯ ಮಹಡಿಯ ಸಂಗೀತ ಗ್ರಂಥಾಲಯದಲ್ಲಿ ಬಂದು ಬಿದ್ದಿದೆ. ಸಿಡಿದಿಲ್ಲ. ತಡವಾಗಿ ಸಿಡಿಯುವ ಜಾತಿಯದು. ಅದನ್ನು ಸರಿಸಲು ಕೆಲವರು ಮುಂದಾಗಿದ್ದಾರೆ.

ಒಂಬತ್ತು ಗಂಟೆ. ನೆಲಮಾಳಿಗೆಯ ಸ್ಟುಡಿಯೊದಲ್ಲಿ ಕೆಂಪು ದೀಪ ಹತ್ತುತ್ತದೆ. ಮೈಕಿನ ಮುಂದೆ ಬ್ರೂಸ್ ಬೆಲ್‌ಫ್ರೇಜ್, ಮೂಲತಃ ನಟ. ಮೊದಲು ತನ್ನ ಹೆಸರು ಹೇಳುತ್ತಾನೆ. ವಾರ್ತಾವಾಚಕರಿಗೆ ಹೆಸರಿಲ್ಲ ಎಂಬುದು ಬಿಬಿಸಿಯ ಹಳೆಯ ಶಿಸ್ತು. ಈ ವರ್ಷ ಅದನ್ನು ಸಡಿಲಿಸಿದ್ದಾರೆ. ನಾಳೆ ಶತ್ರು ಬಂದಿಳಿದು ರೇಡಿಯೊ ಹಿಡಿದು ಸುಳ್ಳು ಸುದ್ದಿ ಓದಿಸಿದರೆ, ಇದು ನಮ್ಮವನ ದನಿಯಲ್ಲ ಎಂದು ಕೇಳುಗನಿಗೆ ತಿಳಿಯಬೇಕಲ್ಲ.

ಒಂಬತ್ತು ಗಂಟೆ ಎರಡು ನಿಮಿಷ. ತಲೆಯ ಮೇಲೆ ಧಡ್! ಗೋಡೆ ನಡುಗುತ್ತದೆ. ಚಾವಣಿಯ ಗಾರೆ, ಕೊಳವೆಯ ಮಸಿ ಎಲ್ಲ ಅವನ ತಲೆ, ಭುಜ, ಮುಂದಿನ ಹಾಳೆಗಳ ಮೇಲೆ ಉದುರುತ್ತವೆ. ಬೆಲ್‌ಫ್ರೇಜ್ ಅರೆಕ್ಷಣ ನಿಲ್ಲುತ್ತಾನೆ. ಹಾಳೆಯ ಮೇಲಿನ ದೂಳನ್ನು ಉಫ್ ಎಂದು ಊದುತ್ತಾನೆ. ಬಿಟ್ಟ ಸಾಲಿನಿಂದಲೇ ಓದು ಮುಂದುವರಿಸುತ್ತಾನೆ.

ದೇಶದ ಮನೆಮನೆಯಲ್ಲಿ ಕೇಳಿಸಿದ್ದು ದೂರದ ಒಂದು ದೊಪ್ಪನೆಯ ಸದ್ದು, ಚಿಕ್ಕ ತಡವರಿಕೆ, ಅಷ್ಟೆ. ಮೇಲೆ ಐದನೆಯ ಮಹಡಿಯಲ್ಲಿ ಏಳು ಜನ ಸತ್ತಿದ್ದರು.

ಎಂಟು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 8ರ ರಾತ್ರಿ, ಪ್ಯಾರಾಚೂಟಿನಲ್ಲಿ ತೇಲಿಬಂದ ಮೈನ್ ಬಾಗಿಲೆದುರಿನ ರಸ್ತೆಯಲ್ಲೇ ಸಿಡಿಯಿತು. ಕಟ್ಟಡ ಹೊತ್ತಿ ಉರಿಯಿತು. ಪ್ರಸಾರ ನಿಲ್ಲಲಿಲ್ಲ. ಹೊರಗಿನ ಕಚೇರಿಗಳ ಬಳೆ ಪೆಟ್ಟು ತಿಂದಿತು, ನಡುವಿನ ಗೋಪುರ ನಿಂತಿತು.

ಇಂದು ಬ್ರಾಡ್‌ಕಾಸ್ಟಿಂಗ್ ಹೌಸ್ ಎರಡನೆಯ ದರ್ಜೆಯ ವಿಶೇಷ ಪಟ್ಟಿಯಲ್ಲಿರುವ ಸಂರಕ್ಷಿತ ಕಟ್ಟಡ. ಹಳೆಯ ಮನೆಗೆ ಹೊಸ ಭಾಗ ಸೇರಿ, 2013ರ ಜೂನ್‌ನಲ್ಲಿ ರಾಣಿ ಎರಡನೆಯ ಎಲಿಜಬೆತ್ ಅದನ್ನು ಉದ್ಘಾಟಿಸಿದರು. ಅಲ್ಲಿ ಸುದ್ದಿಮನೆಗೆ ಗಾಜಿನ ಗೋಡೆ. ಗಿಲ್ ತನ್ನ ಹೆಣ್ಣುಮಕ್ಕಳ ಮೇಲೆಯೇ ದೌರ್ಜನ್ಯ ಎಸಗಿದ್ದ ಎಂಬುದು ಅವನ ದಿನಚರಿಗಳಿಂದ ಬಯಲಾದ ಮೇಲೆ ಬಾಗಿಲ ಮೇಲಿನ ವಿಗ್ರಹ ಬೇರೆಯದೇ ಜಗಳಕ್ಕೆ ಕಾರಣವಾಗಿದೆ. 2022ರಲ್ಲಿ ಒಬ್ಬ ಏಣಿ ಹತ್ತಿ ಸುತ್ತಿಗೆಯಿಂದ ಬಡಿದ.

ನೆಲದಡಿಯ ಸಭಾಂಗಣಕ್ಕೆ ಈಗ ರೇಡಿಯೊ ಥಿಯೇಟರ್ ಎಂದು ಹೆಸರು. ಧ್ವನಿಮುದ್ರಣ ನೋಡಲು ಟಿಕೆಟ್ ಪುಕ್ಕಟೆ ಕೊಡುತ್ತಾರೆ. ಲಂಡನ್ನಿಗೆ ಹೋದವರು ಅರಮನೆ, ಸೇತುವೆ ನೋಡಿ ಬರುವುದರ ನಡುವೆ ಒಂದು ಸಂಜೆಯನ್ನು ಇದಕ್ಕೆ ಎತ್ತಿಡಿ. ಅಂದಚಂದಕ್ಕೆ ಹೆಸರಾದ ಕಟ್ಟಡಗಳು ಆ ಊರಿನಲ್ಲಿ ಬೇಕಾದಷ್ಟಿವೆ. ಕಟ್ಟಿದ ಉದ್ದೇಶಕ್ಕೆ ಬೆಂಕಿಯಲ್ಲೂ ತಪ್ಪದೆ ನಡೆದುಕೊಂಡವು ಕಡಿಮೆ.